ಹೊಸ ಗಿಟಾರಿಗೆ ಹಳೆಯ ಗೀರು

ಅಂಗಡಿ ಮುಚ್ಚಿದ ಮೇಲೂ ನನ್ನನ್ನು ಹುಡುಕಿಕೊಂಡು ಬರುವವರಿದ್ದಾರೆ. ಗಿಟಾರ್ ರಿಪೇರಿ ಕಲಿಯಬೇಕು ಅನ್ನುತ್ತಾರೆ. ಬಗ್ಗಿದ ಕುತ್ತಿಗೆ ನೆಟ್ಟಗೆ ಮಾಡುವುದು ಹೇಗೆ, ಅದರ ಮೇಲಿನ ಸವೆದ ಲೋಹದ ಫ್ರೆಟ್ಟು ಬದಲಿಸುವುದು ಹೇಗೆ ಎಂದು ಕೇಳಿದರೆ ಖುಷಿಯಿಂದ ಹೇಳಿಕೊಡುತ್ತೇನೆ. ಯಾರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದ್ದು ಒಂದೇ: ಹೊಸ ಗಿಟಾರನ್ನು ಐವತ್ತು ವರ್ಷ ಹಳತಾದಂತೆ ಕಾಣಿಸುವುದು ಹೇಗೆ? ಅದನ್ನು ನಾನು ಏಳೆಂಟು ವರ್ಷ ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ಅದರಲ್ಲಿ ಸುಖವೂ ಇದೆ, ಅದಕ್ಕೆ ತೆರಬೇಕಾದ್ದೂ ಇದೆ. ಎರಡನ್ನೂ ಬರೆದಿಡುತ್ತೇನೆ. ಓದಿದ ಮೇಲೆ ಬೇಕಾದರೆ ಪಾಲಿಶ್ ಪೇಪರ್ ಕೈಗೆ ತೆಗೆದುಕೊಳ್ಳಿ.

ನನ್ನದು ಕೊಕ್ಕರ್ಣೆ ಕಡೆಯ ಬೇಸಾಯದ ಮನೆ. ಹದಿನೈದರಲ್ಲಿ ಮುಂಬೈಗೆ ಓಡಿದವನು, ನಮ್ಮೂರಿನ ಎಲ್ಲರಂತೆ ಹೋಟೆಲ್ ಸೇರಿದೆ. ಪಾತ್ರೆ ತೊಳೆಯುವ ಕೆಲಸ. ಆ ಹೋಟೆಲಿನ ಮಾಲೀಕರು ತೊಳೆದ ಪಾತ್ರೆಯನ್ನು ಬೆಳಕಿಗೆ ಹಿಡಿದು ತಮ್ಮ ಮೀಸೆ ಕಾಣಿಸುತ್ತದೆಯೇ ಎಂದು ನೋಡುತ್ತಿದ್ದರು. ಕಾಣದಿದ್ದರೆ ಪಾತ್ರೆ ವಾಪಸು ಬರುತ್ತಿತ್ತು. ಕೈಗೆ ಬಂದದ್ದನ್ನೆಲ್ಲ ಹೊಳೆಯಿಸುವ ಚಟ ನನಗೆ ಹತ್ತಿದ್ದು ಅಲ್ಲಿ. ಹೋಟೆಲಿನ ಪಕ್ಕದಲ್ಲಿ ವಾದ್ಯ ರಿಪೇರಿಯ ಅಂಗಡಿಯಿತ್ತು. ಚಹಾ ಕೊಡಲು ಹೋಗುತ್ತಾ ಹೋಗುತ್ತಾ ಒಂದು ದಿನ ಅಲ್ಲೇ ಉಳಿದುಬಿಟ್ಟೆ.

ಆ ಅಂಗಡಿಯ ಮಿಸ್ತ್ರಿ ಗೋವಾದ ಮುದುಕರು. ಅಂಕಲ್ ಎಂದೇ ಎಲ್ಲರೂ ಕರೆಯುತ್ತಿದ್ದರು. ಬೈಗುಳವಿಲ್ಲದೆ ಅವರ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ, ಆದರೆ ಕೈ ಮಾತ್ರ ಹಸುಗೂಸನ್ನು ಎತ್ತಿಕೊಂಡಂತೆ ಗಿಟಾರನ್ನು ಹಿಡಿಯುತ್ತಿತ್ತು. ಅವರು ಕಲಿಸಿದ್ದರಲ್ಲಿ ಒಂದು ಮಾತು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ‘ಗಿಟಾರಿನ ಯಜಮಾನ ಹೇಳಿದ್ದನ್ನು ಮಾತ್ರ ಮಾಡು. ಹೇಳದ್ದನ್ನು ಪುಕ್ಕಟೆಯಾಗಿಯೂ ಮಾಡಬೇಡ.’ ಪುಕ್ಕಟೆ ಮಾಡಿದರೆ ಯಾರಿಗೆ ಬೇಸರ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ತೊಂಬತ್ತೇಳರಲ್ಲಿ ಊರಿಗೆ ಬಂದು ಕುಂದಾಪುರದಲ್ಲಿ ಬಾಗಿಲು ತೆರೆದೆ. ಗಿಟಾರ್ ರಿಪೇರಿಗೆ ಅಂಗಡಿ ಎಂದರೆ ಜನ ನಗುತ್ತಿದ್ದ ಕಾಲ. ಆದರೆ ಬ್ರಹ್ಮಾವರದ ಇಗರ್ಜಿಗಳಲ್ಲಿ ಹಾಡುವ ಕಾಯಿರ್ ಇತ್ತು, ಕಾಲೇಜಿನವರಿದ್ದರು, ಬೈಂದೂರಿನವರೆಗೆ ರಸಮಂಜರಿ ತಂಡಗಳಿದ್ದವು. ಮಳೆ ಹಿಡಿಯಿತೆಂದರೆ ಮೂರೂ ಕಡೆಯ ಗಿಟಾರುಗಳ ಕುತ್ತಿಗೆ ಒಟ್ಟಿಗೇ ಬಗ್ಗುತ್ತಿತ್ತು. ಮಳೆರಾಯ ನನ್ನ ಪಾಲುದಾರ ಎಂದು ತಮಾಷೆ ಮಾಡುತ್ತಿದ್ದೆ.

ಮರುವರ್ಷ ಮರವಂತೆಯ ಗುಲಾಬಿ ಅಂಗಡಿಗೆ ಬಂದಳು. ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸು. ಅವಳ ಗಂಡ ಚಂದ್ರಣ್ಣ ದೋಣಿಯಲ್ಲಿ ದುಡಿಯುತ್ತಿದ್ದವನು, ಜೊತೆಗೆ ಒಂದು ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದ. ಕಾಮಾಲೆಯಾಗಿ ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ಬೇಸ್ ಗಿಟಾರನ್ನು ಮನೆಯಲ್ಲಿ ಯಾರೋ ಕೆಡವಿ, ಕುತ್ತಿಗೆ ತಲೆಯ ಹತ್ತಿರ ಸೀಳು ಬಿಟ್ಟಿತ್ತು.

“ವರ್ಷಾಂತಿಕ ಇತ್ ಶೆಟ್ರೆ. ಫೋಟೋದ ಹತ್ರ ಇಡ್ಕ್. ಆ ಸೀಳ್ ಒಂದ್ ಸರಿ ಮಾಡಿ ಕೊಡಿ, ಸಾಕ್” ಎಂದಳು.

ಸೀಳು ಅಂಟಿಸಿ ಕಟ್ಟಿದೆ, ಗಟ್ಟಿಯಾಯಿತು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಗಿಟಾರಿನ ಮೈ ನೋಡಿ ನನಗೆ ಕನಿಕರ ಉಕ್ಕಿತು. ಹನ್ನೆರಡು ವರ್ಷ ಬಾರಿಸಿದ್ದು. ಹೆಬ್ಬೆರಳು ಊರುವ ಜಾಗದಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು, ಮೊಣಕೈ ಒರಗುವ ಅಂಚು ಬೋಳಾಗಿತ್ತು, ತಲೆಯ ಮೇಲೆ ಬೀಡಿ ಸುಟ್ಟ ಕಲೆ. ನಮ್ಮ ಕಡೆ ಹೇಗೆ ನಿಮಗೆ ಗೊತ್ತು. ಮೀನುಗಾರಿಕೆ ಶುರುವಾಗುವ ಮೊದಲು ದೋಣಿಗೆ ಹೊಸ ಬಣ್ಣ ಬೀಳಬೇಕು, ಮನೆಯಲ್ಲಿ ಒಂದು ಕಾರ್ಯವೆಂದರೆ ಗೋಡೆಗೆ ಸುಣ್ಣ, ಬಾಗಿಲಿಗೆ ವಾರ್ನಿಷ್. ಹಳೆಯ ಬಣ್ಣದಲ್ಲಿ ಕಾರ್ಯ ಮಾಡುವುದು ಸತ್ತವನಿಗೂ ಮರ್ಯಾದೆಯಲ್ಲ ಎಂದು ನನ್ನ ತಲೆಗೆ ತೋರಿತು. ಒಂದು ಮಧ್ಯಾಹ್ನ ಕೂತು ಮೈಯೆಲ್ಲ ಉಜ್ಜಿದೆ. ಬೀಡಿ ಕಲೆ ಕೆರೆದೆ. ದಾಳಿಂಬೆ ಕೆಂಪು ಹೊಡೆದು, ಒಣಗಿಸಿ, ನನ್ನ ಮುಖ ಕಾಣುವವರೆಗೆ ತಿಕ್ಕಿದೆ. ಪುಕ್ಕಟೆ.

ಗುಲಾಬಿ ಬಂದು ಪೆಟ್ಟಿಗೆ ತೆರೆದಳು. ಹೊಗಳಿಕೆಗೆ ಕಾಯುತ್ತಾ ನಾನು ನಿಂತಿದ್ದೆ.

“ಇದ್ ಯಾರದ್?” ಎಂದಳು.

“ನಿಮ್ಮದೇ ಗುಲಾಬಕ್ಕ. ಹೊಸದ್ ಮಾಡಿದೆ ಕಾಣಿ.”

ಅವಳು ಕೈಯಿಟ್ಟು ಹುಡುಕಿದಳು. ಅಂಚಿನಲ್ಲಿ, ತಂತಿಯ ಕೆಳಗೆ, ತಲೆಯ ಮೇಲೆ. ಎಲ್ಲ ಕಡೆ ನುಣ್ಣಗೆ.

“ಅವ್ರ್ ಬೆರಳ್ ಇಡೂ ಜಾಗ ಎಲ್ಲಿತ್ ಶೆಟ್ರೆ?”

ಬೈದಿದ್ದರೆ ಒಳ್ಳೆಯದಿತ್ತು, ಅವಳು ಬೈಯಲೂ ಇಲ್ಲ. ಪೆಟ್ಟಿಗೆ ಮುಚ್ಚಿ, ತಲೆಯ ಮೇಲಿಟ್ಟುಕೊಂಡು ಹೋದಳು. ವರ್ಷಾಂತಿಕದ ದಿನ ಅದನ್ನು ಫೋಟೋದ ಹತ್ತಿರ ಇಡಲೇ ಇಲ್ಲವೆಂದು ಆಮೇಲೆ ಗೊತ್ತಾಯಿತು. ಪೆಟ್ಟಿಗೆ ಮಂಚದಡಿ ಸೇರಿತು. ಮಾರುಕಟ್ಟೆಯಲ್ಲಿ ನಾನು ಅವಳ ಮುಂದೆ ನಿಂತರೆ ಬುಟ್ಟಿ ತುಂಬ ಬಂಗುಡೆ ಇದ್ದರೂ “ಮೀನ್ ಆಯ್ತ್” ಅನ್ನುತ್ತಿದ್ದಳು. ಕ್ರಮೇಣ ಆ ಸಾಲಿಗೆ ಹೋಗುವುದನ್ನೇ ಬಿಟ್ಟೆ. ಸುಳ್ಳು ಹೇಳುವುದಿಲ್ಲ, ಹನ್ನೆರಡು ವರ್ಷ ನನಗೆ ಆ ಹೆಂಗಸಿನ ಮುಖ ನೋಡುವ ಧೈರ್ಯವಿರಲಿಲ್ಲ. ಅಲ್ಲಿಂದ ಮುಂದೆ ಯಾರು ಏನು ತಂದುಕೊಟ್ಟರೂ ‘ಏನೇನು ಮಾಡಬಾರದು’ ಎಂದು ಮೊದಲು ಕೇಳಿ ಬರೆದುಕೊಳ್ಳುತ್ತಿದ್ದೆ. ನೀವೂ ಹಾಗೆ ಮಾಡಿ.

ಐದಾರು ವರ್ಷ ಕಳೆದ ಮೇಲೆ ಮುಂಬೈನ ಒಬ್ಬ ಸೇಠ್ ನನ್ನನ್ನು ಹುಡುಕಿದರು. ವಾದ್ಯ ವ್ಯಾಪಾರಿ, ಅಂಕಲ್ ಅಂಗಡಿಯ ಕಾಲದಿಂದ ಗುರುತು. ಹಳೆಯದರಂತೆ ಕಾಣುವ ಗಿಟಾರಿಗೆ ಈಗ ಬಹಳ ಬೇಡಿಕೆ, ಹೊಸದನ್ನು ಕಳಿಸುತ್ತೇನೆ, ಮುದಿ ಮಾಡಿ ಕಳಿಸು ಎಂದರು. ಹೊಸ ಸೀರೆ ಹರಿದು ಉಡುವವರುಂಟೇ ಎಂದು ನಾನು ಗೇಲಿ ಮಾಡಿದೆ. ಆದರೂ ಒಪ್ಪಿಕೊಂಡೆ.

ಕಲಿಯಲು ಎರಡು ವರ್ಷ ಹಿಡಿಯಿತು. ಹಳೆಯ ಗಿಟಾರಿನ ಮೈಗೆ ಹಚ್ಚಿದ ಲ್ಯಾಕರಿನಲ್ಲಿ ಜೇಡರ ಬಲೆಯಂಥ ಸೀಳು ಬರುತ್ತದಲ್ಲ, ಅದಕ್ಕೆ ಮೈಯನ್ನು ಒಮ್ಮೆಗೇ ತಣ್ಣಗೆ ಮಾಡಿ ಬಿಸಿಲಿಗೆ ಒಡ್ಡಬೇಕು. ಮುಂಬೈಯವರು ಅದಕ್ಕೆ ಏನೇನೋ ಯಂತ್ರ ಹೇಳಿದರು. ನಾನು ಮೀನಿನ ಐಸ್ ತುಂಬುವ ಥರ್ಮಕೋಲ್ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಸುತ್ತಿ ಮಲಗಿಸಿದೆ. ಚೆಂದಕ್ಕೆ ಸೀಳಿತು. ಬೆರಳು ಓಡಾಡುವ ಹಲಗೆಗೆ ಕಾಫಿ ಡಿಕಾಕ್ಷನ್. ಸಣ್ಣ ಗುಳಿಗಳಿಗೆ ಬೀಗದ ಕೈಗೊಂಚಲು. ಬೆನ್ನಿನ ಕಡೆ ಬೆಲ್ಟಿನ ಬಕಲು ಉಜ್ಜಿ ಗೀರು ಎಳೆಯುವುದು ಕಡ್ಡಾಯ, ಅದಿಲ್ಲದಿದ್ದರೆ ಸೇಠ್ ಒಪ್ಪುತ್ತಿರಲಿಲ್ಲ. ನಿಂತು ಬಾರಿಸುವವನ ಗುರುತು ಅದು ಅನ್ನುತ್ತಿದ್ದರು. ಕೊನೆಕೊನೆಗೆ ನನ್ನ ಕೈ ಆ ಗೀರನ್ನು ನಿದ್ದೆಯಲ್ಲೂ ಎಳೆಯುವಂತಾಗಿತ್ತು.

ತಂತಿ ಬಿಗಿಯುವ ಕಿವಿ, ತಂತಿಯನ್ನು ಹೊರುವ ಸೇತುವೆ, ಸ್ಕ್ರೂ ಇವಕ್ಕೆ ತುಕ್ಕು ಬರಿಸಬೇಕು. ಎಲ್ಲರೂ ವಿನೆಗರ್ ಅನ್ನುತ್ತಾರೆ. ಕಡಲತೀರದಲ್ಲಿ ಕೂತವನಿಗೆ ತುಕ್ಕು ಕೊಂಡು ತರುವ ಗ್ರಹಚಾರವೇ? ಉಪ್ಪುಂದದಲ್ಲಿ ಮೀನು ಒಣಗಿಸುವವರೊಬ್ಬರ ಪರಿಚಯವಿತ್ತು. ಉಪ್ಪು, ಗಾಳಿ, ಬಿಸಿಲು ಮೂರೂ ಅಲ್ಲಿ ಧರ್ಮಕ್ಕೆ ಸಿಗುತ್ತವೆಂದು ಅವರ ಶೆಡ್ಡಿನಲ್ಲಿ ಎರಡು ವಾರ ತೂಗುಹಾಕಿದೆ. ಬುದ್ಧಿವಂತಿಕೆ ಹೆಚ್ಚಾಗಿ, ಬಿಡಿ ಭಾಗಗಳ ಜೊತೆ ಒಂದು ಗಿಟಾರಿನ ಮೈಯನ್ನೂ ಅದರ ಮಖಮಲ್ಲಿನ ಪೆಟ್ಟಿಗೆಯನ್ನೂ ಅಲ್ಲೇ ಇಟ್ಟೆ. ತುಕ್ಕು ಅದ್ಭುತವಾಗಿ ಬಂತು. ಒಣಮೀನು ತಿಂದೇ ಬೆಳೆದ ನನ್ನ ಮೂಗಿಗೆ ಬೇರೇನೂ ತಿಳಿಯಲಿಲ್ಲ. ಪ್ಯಾಕ್ ಮಾಡಿ ಕಳಿಸಿದೆ.

ವಾರದಲ್ಲಿ ಸೇಠ್ ಫೋನ್ ಬಂತು. “ಅರೆ ಶೆಟ್ಟಿ, ಕ್ಯಾ ಭೇಜಾ ಹೈ? ಗಿಟಾರ್ ಯಾ ಸೂಖಾ ಬೋಂಬಿಲ್?” ಕಳಿಸಿದ್ದು ಗಿಟಾರೋ ಒಣಮೀನೋ ಎಂದು ಕೇಳುತ್ತಿದ್ದರು.

ಗಿಟಾರ್ ಕೊಂಡವರು ಪುಣೆಯವರು, ಮೀನು ಮುಟ್ಟದವರು. ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಎರಡು ಬೆಕ್ಕುಗಳು ಬಂದು ಪೆಟ್ಟಿಗೆಯ ಮೇಲೆ ಮಲಗಿದ್ದವಂತೆ, ಓಡಿಸಿದರೂ ಏಳಲಿಲ್ಲವಂತೆ. ಗಿಟಾರ್ ವಾಪಸು ಬಂತು. ಬೋಳು ಮರ ವಾಸನೆಯನ್ನು ಕುಡಿದುಬಿಟ್ಟಿತ್ತು. ನಿಂಬೆಹುಳಿ, ಕರ್ಪೂರ, ಇದ್ದಿಲು, ಯಾವುದಕ್ಕೂ ಜಗ್ಗಲಿಲ್ಲ. ಆ ಗಿಟಾರ್ ಇವತ್ತಿಗೂ ನನ್ನ ಮನೆಯಲ್ಲಿದೆ. ಮಳೆಗಾಲದಲ್ಲಿ ಹೆಂಡತಿ ಅದನ್ನು ಜಗಲಿಗೆ ಹಾಕುತ್ತಾಳೆ.

ಗೇಲಿ ಮಾಡುತ್ತಾ ಹಿಡಿದ ಕೆಲಸದ ಸುಖ ನನಗೆ ಹೇಗೆ ಗೊತ್ತಾಯಿತೆಂದೂ ಹೇಳಬೇಕು. ಬ್ರಹ್ಮಾವರದ ಕಾಯಿರಿನ ಒಬ್ಬ ಮಾಸ್ತರು ಅಂಗಡಿಗೆ ಬಂದಾಗ, ಹೊಸದೊಂದನ್ನೂ ನಾನು ಮುದಿ ಮಾಡಿದ್ದೊಂದನ್ನೂ ಬಾರಿಸಲು ಕೊಟ್ಟೆ. ಹೊಸದನ್ನು ಅವರು ತೊಡೆಯ ಮೇಲೆ ಅಳುಕುತ್ತಾ ಇಟ್ಟುಕೊಂಡರು, ಅಂಗಿಯ ಗುಂಡಿ ತಾಗೀತೆಂದು ಹೊಟ್ಟೆ ಒಳಗೆ ಎಳೆದುಕೊಂಡರು. ಹಳೆಯದರಂಥದ್ದನ್ನು ಕೊಟ್ಟೊಡನೆ ಭುಜ ಇಳಿಯಿತು. ಇದು ಕಾಲಿಗೆ ಒಗ್ಗಿದ ಚಪ್ಪಲಿಯ ಹಾಗಿದೆ ಎಂದರು. ಮೊದಲ ಗೀರು ಬೀಳುವ ಭಯವನ್ನು ಯಾರೋ ಮೊದಲೇ ಅನುಭವಿಸಿ ಮುಗಿಸಿಕೊಟ್ಟರೆ ಬಾರಿಸುವವನಿಗೆ ಎಷ್ಟು ನಿರಾಳ ಎಂದು ಅವತ್ತು ತಿಳಿಯಿತು. ಇದು ಬರೀ ಷೋಕಿಯಲ್ಲ.

ತೆತ್ತದ್ದೂ ಇದೆ. ಉಜ್ಜಿದ ಧೂಳು ಎದೆಗೆ ಹೋಗಿ ಕೆಮ್ಮು ಅಂಟಿಕೊಂಡಿತು. ಬಾಯಿಗೆ ಬಟ್ಟೆ ಕಟ್ಟಲು ಸೋಮಾರಿತನ, ಅದಕ್ಕೆ ಈಗ ಮೆಟ್ಟಿಲಿಗೊಮ್ಮೆ ನಿಲ್ಲುತ್ತೇನೆ. ಇನ್ನೊಂದು, ಕಣ್ಣಿಗೆ ಹತ್ತಿದ ರೋಗ. ಯಾರು ಹಳೆಯ ಗಿಟಾರ್ ಬಾರಿಸಿದರೂ ಹಾಡು ಕಿವಿಗೆ ಬೀಳುತ್ತಿರಲಿಲ್ಲ, ಎಲ್ಲಿ ಸವೆದಿದೆ ಎಂದಷ್ಟೇ ನೋಡುತ್ತಿದ್ದೆ. ಒಂದು ಹೆಬ್ಬೆರಳಿನ ಗುರುತು ನಿಜದಂತೆ ಕಾಣಲು ನನಗೆ ಹತ್ತು ಹನ್ನೊಂದು ದಿನ ಬೇಕಾಗುತ್ತಿತ್ತು. ಉಜ್ಜುತ್ತಾ ಕೂತಾಗಲೆಲ್ಲ ಗುಲಾಬಿಯ ಗಿಟಾರ್ ಕಣ್ಣೆದುರು ಬರುತ್ತಿತ್ತು. ನಿಜವಾದ ಗುರುತನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿದವನು ಸುಳ್ಳು ಗುರುತಿಗೆ ಹನ್ನೊಂದು ದಿನ ಬೆವರು ಸುರಿಸುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಒಮ್ಮೆ ಸೇಠ್ ಗಿಟಾರಿನ ಜೊತೆ ಒಂದು ಲೋಹದ ಪಟ್ಟಿ ಕಳಿಸಿದರು. ಮೇಲೆ ಯಾವುದೋ ಹಳೆಯ ಗಿಟಾರಿನ ನಂಬರು. ಅದನ್ನೂ ಕೂರಿಸಿ ಕಳಿಸು ಎಂದರು. ನಾನು ಪಟ್ಟಿಯನ್ನು ವಾಪಸು ಕಳಿಸಿದೆ. ಹಳೆಯದರಂತೆ ಕಾಣಿಸುವುದು ಒಂದು, ಹಳೆಯದೆಂದು ಹೇಳಿ ಮಾರುವುದು ಇನ್ನೊಂದು. ಅವರು ಮೂರು ತಿಂಗಳು ಮುನಿಸಿಕೊಂಡು ಕೆಲಸ ಕಳಿಸಲಿಲ್ಲ. ಆಮೇಲೆ ತಾವೇ ಕಳಿಸಿದರು, ಪಟ್ಟಿಯ ಮಾತೆತ್ತಲಿಲ್ಲ.

ಈ ನಡುವೆ ಉಪ್ಪುಂದದ ಶೆಡ್ಡಿನ ಕತೆ ಮೀನು ಮಾರುವ ಹೆಂಗಸರ ಬಾಯಿಗೆ ಬಿದ್ದಿತ್ತು. ಅವರ ಬಾಯಿಗೆ ಬಿದ್ದ ಸುದ್ದಿ ಬಸ್ಸಿಗಿಂತ ಮೊದಲು ಊರು ತಲುಪುತ್ತದೆ. ಎರಡು ಸಾವಿರದ ಹತ್ತರಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ಗುಲಾಬಿ ಇಳಿದಳು, ಕೈಯಲ್ಲಿ ಅದೇ ಪೆಟ್ಟಿಗೆ.

“ಹ್ವಾಯ್ ಶೆಟ್ರೆ, ನೀವ್ ಹೊಸ ಗಿಟಾರ್ ಹಳ್ತ್ ಮಾಡ್ತ್ರಿ ಅಂಬ್ರ್. ಹೌದಾ?”

“ಹೌದ್ ಗುಲಾಬಕ್ಕ.”

“ಹಂಗಾರೆ ಇದನ್ನೂ ಹಳ್ತ್ ಮಾಡಿ ಕೊಡಿ. ಬಪ್ಪ ತಿಂಗ್ಳ್ ಮಗಳ ಮದಿ. ಅಪ್ಪಯ್ಯನ ಫೋಟೋದ ಹತ್ರ ಇಡ್ಕ್ ಅಂತ ಅವ್ಳಿಗೆ ಆಸೆ. ಈ ಕೆಂಪ್ ಬಣ್ಣದ್ದ್ ನಾನ್ ಇಡುದಿಲ್ಲ.”

“ಗುಲಾಬಕ್ಕ, ನಾನ್ ಎಂತ ಮಾಡಿದ್ರೂ ಅದ್ ಸುಳ್ಳೇ ಅಲ್ದಾ?” ಎಂದೆ.

“ಸುಳ್ಳಂತ ನಂಗೂ ಗೊತ್ತಿತ್. ನಿಮ್ ಕೈಯಗೆ ಹೋದದ್ದ್, ನಿಮ್ ಕೈಯಗೇ ಬರ್ಕ್.” ಸ್ಟೂಲು ಎಳೆದು ಕೂತಳು.

ಕೆಂಪನ್ನು ಕಳಚಿ, ಮೊದಲಿನ ಕಂದು ಬಣ್ಣ ತಂದು, ಲ್ಯಾಕರನ್ನು ಐಸಿನಲ್ಲಿ ಸೀಳಿಸಿದೆ. ಅಷ್ಟು ನನ್ನ ವಿದ್ಯೆ. ಎಲ್ಲಿ ಸವೆಯಬೇಕೆಂಬುದಕ್ಕೆ ನನ್ನ ಬಳಿ ಚಿತ್ರವಿರಲಿಲ್ಲ. ಮಾರುಕಟ್ಟೆ ಮುಗಿಸಿ ದಿನಾ ಮಧ್ಯಾಹ್ನ ಅವಳೇ ಬಂದಳು. ಬಾಯಲ್ಲಿ ಹೇಳಲು ಬರಲಿಲ್ಲ. ಕೊನೆಗೆ ಗಿಟಾರನ್ನು ತಾನೇ ತೊಡೆಯ ಮೇಲಿಟ್ಟುಕೊಂಡು, ಗಂಡ ಜಗಲಿಯಲ್ಲಿ ಕೂರುತ್ತಿದ್ದ ಹಾಗೆ ಒಂದು ಬದಿಗೆ ವಾಲಿ ಕೂತಳು. ಮೊಣಕೈ ತಾನಾಗಿ ಅಂಚಿಗೆ ಬಂತು. “ಇಲ್ಲ್... ಅಲ್ಲ, ಒಂಚೂರ್ ಕೆಳಗ್. ಹಾಂ, ಇಲ್ಲ್.” ಅವಳ ಹೆಬ್ಬೆರಳಿನ ಸುತ್ತ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಬೀಡಿ ಕಲೆಗೆ ನಾನೇ ಬೀಡಿ ಹಚ್ಚಬೇಕಾಯಿತು. ಜನ್ಮದಲ್ಲಿ ಸೇದಿದವನಲ್ಲ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಗುಲಾಬಿ ಮೊದಲ ಸಲ ನಕ್ಕಳು. “ಒಂದೇ ಅಲ್ಲ, ಮೂರ್ ಕಲೆ ಇತ್ತ್. ಬೇಡ ಅಂದ್ರೂ ಕೇಂತಿರ್ಲಿಲ್ಲ ಆ ಮನ್ಷ” ಎಂದು ಗಂಡನನ್ನೇ ಬೈದಳು. ಆಮೇಲೆ ಅವನ ಕತೆಗಳು ಹೊರಬಂದವು. ಮಗಳನ್ನು ಮಲಗಿಸಲು ದಪ್ಪ ತಂತಿ ಒಂದನ್ನೇ ಬಾರಿಸುತ್ತಿದ್ದದ್ದು, ಬಲೆ ಎಳೆದು ಕೈ ಒಡೆದಾಗ ತೆಂಗಿನೆಣ್ಣೆ ಹಚ್ಚಿಕೊಂಡು ಬಾರಿಸಿ ಬೈಸಿಕೊಂಡದ್ದು. ಹನ್ನೆರಡು ದಿನ ಬಂದಳು. ಕೊನೆಗೆ ನಾನು ಕೆಲಸಕ್ಕಿಂತ ಹೆಚ್ಚಾಗಿ ಆ ಮಾತಿಗೆ ಕಾಯುತ್ತಿದ್ದೆ.

ಮುಗಿದ ದಿನ ಅವಳು ಕಣ್ಣು ಮುಚ್ಚಿ ಕೈಯಾಡಿಸಿದಳು. ಹೌದೆಂದು ತಲೆ ಆಡಿಸಿದಳು. ನಾನು ಉಸಿರು ಬಿಟ್ಟೆ. ಆಗ ಗಿಟಾರನ್ನು ಮಗುಚಿ ಹಾಕಿದಳು.

“ಇದ್ ಎಂತ ಗೀರ್?”

ಬೆನ್ನಿನ ಮೇಲೆ ನೀಟಾಗಿ ಬಕಲಿನ ಗೀರು. ಯಾವಾಗ ಎಳೆದೆನೋ ನನಗೇ ನೆನಪಿಲ್ಲ. ಸೇಠರ ಗಿಟಾರಿಗೆ ಎಳೆದು ಎಳೆದು ಕೈ ತಾನಾಗಿ ಹೋಗಿತ್ತು.

“ಬೆಲ್ಟಿಂದ್” ಎಂದೆ ಸಣ್ಣ ದನಿಯಲ್ಲಿ.

“ಬೆಲ್ಟಾ? ಪ್ರೋಗ್ರಾಮಿಗೆ ಹೋಪತಿಗೂ ಪ್ಯಾಂಟಿಗೆ ಬಲೆ ಹಗ್ಗ ಕಟ್ಕಂಡ್ ಹೋಪ ಜನ ಅದ್!”

ಮತ್ತೆ ಕೆಡಿಸಿದೆನಲ್ಲ. ಈಗಲೇ ತುಂಬಿಸಿ ಪಾಲಿಶ್ ಮಾಡಿ ಕೊಡುತ್ತೇನೆ ಎಂದು ಕೈ ಚಾಚಿದೆ. ಅವಳು ಗಿಟಾರನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

“ಮುಟ್ಬೇಡಿ ಶೆಟ್ರೆ! ಮತ್ತೊಂದ್ಸಲ ಪಾಲಿಶ್ ಮಾಡುಕ್ ಹೊರಟ್ರಾ?” ಎಂದವಳೇ ಹೊಟ್ಟೆ ಹಿಡಿದು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಗೀರು ಹಾಗೇ ಉಳಿಯಿತು.

ಮದುವೆಗೆ ಹೋಗುವುದೋ ಬೇಡವೋ ಎಂದು ಅಳುಕಿತ್ತು. ಮಗಳಿಗೆ ಏನು ಹೇಳಿದ್ದಾಳೋ. ಆ ಹುಡುಗಿ ನನ್ನ ಪಾಲಿಶ್ ಪೇಪರನ್ನು ಅಪ್ಪನ ಕೈ ಎಂದು ನಂಬಿದರೆ, ಹಳೆಯ ನಂಬರಿನ ಪಟ್ಟಿ ಕೂರಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹೋಗದೆ ಇರಲೂ ಆಗಲಿಲ್ಲ. ಮರವಂತೆಯ ಆ ಮನೆಯಲ್ಲಿ ಚಂದ್ರಣ್ಣನ ಫೋಟೋಗೆ ಹಾರ ಹಾಕಿತ್ತು, ಪಕ್ಕದಲ್ಲಿ ಗಿಟಾರ್. ಮದುಮಗಳು ಬಂದು ಅಪ್ಪನಿಗೆ ಕೈಮುಗಿದಳು. ಆಮೇಲೆ ಬಗ್ಗಿ, ಮರ ಕಾಣುವ ಆ ಜಾಗಕ್ಕೆ ಹೆಬ್ಬೆರಳು ಇಟ್ಟಳು.

“ಅಪ್ಪಯ್ಯನ ಬೆರಳಾ ಅಬ್ಬೆ?”

ನಾನು ಬಾಗಿಲ ಹತ್ತಿರ ನಿಂತಿದ್ದೆ. ಗುಲಾಬಿ ನನ್ನ ಕಡೆ ಒಮ್ಮೆ ನೋಡಿದಳು.

“ಅಲ್ಲ ಹೆಣೆ. ಅದ್ ಈ ಶೆಟ್ರ್ ಮಾಡಿದ್ದ್. ಅಪ್ಪಯ್ಯ ಬೆರಳ್ ಎಲ್ಲ್ ಇಡ್ತಿದ್ರ್ ಅಂತ ತೋರ್ಸಿದ್ದ್ ನಾನ್.”

ಹುಡುಗಿ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಬೆರಳು ತೆಗೆಯಲಿಲ್ಲ. ಹನ್ನೆರಡು ವರ್ಷ ಹೊತ್ತದ್ದು ಆ ಕ್ಷಣಕ್ಕೆ ನನ್ನ ತಲೆಯಿಂದ ಇಳಿಯಿತು. ಅವತ್ತು ಪಂಕ್ತಿಯಲ್ಲಿ ಕೂತು ಪಾಯಸ ಮೂರು ಸಲ ಹಾಕಿಸಿಕೊಂಡೆ, ಬಡಿಸುವವನು ನಾಲ್ಕನೆಯ ಸಲ ಬಂದಾಗಲೂ ಬೇಡ ಎನ್ನಲಿಲ್ಲ.